ಓದದೆ ಎಣಿಸಿದ್ದು

ನಾನು ಗದಗ-ಬೆಟಗೇರಿಯ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ಗ್ರಂಥಪಾಲಕರು ದಿನವಿಡೀ ಓದುತ್ತ ಕೂತಿರುತ್ತಾರೆ ಎಂದು ಜನ ತಿಳಿದುಕೊಂಡಿದ್ದಾರೆ. ಅದು ಖರೆಯಲ್ಲ. ನಾವು ಪುಸ್ತಕದ ಬೆನ್ನು ನೋಡುತ್ತೇವೆ, ಒಳಪುಟಕ್ಕೆ ಠಸ್ಸೆ ಹೊಡೆಯುತ್ತೇವೆ, ವಿಷಯ ಯಾವುದು ಎಂದು ಕಣ್ಣಾಡಿಸಿ ನಂಬರು ಕೊಡುತ್ತೇವೆ, ಕಪಾಟಿಗೆ ಕಳಿಸುತ್ತೇವೆ. ಲಗ್ನದ ಅಡಿಗೆಯವರಿಗೆ ಪಂಕ್ತಿಯ ಹೊತ್ತಿಗೆ ಹಸಿವೆ ಸತ್ತಿರುತ್ತದಲ್ಲ, ಹಾಗೆ ನಮ್ಮದೂ. ಇದನ್ನು ನಾನು ಮೊದಲೆಲ್ಲ ಸ್ಟಾಫ್ ರೂಮಿನಲ್ಲಿ ನಗುತ್ತಲೇ ಹೇಳುತ್ತಿದ್ದೆ. ಈಗ ಹೇಳುವುದನ್ನು ಬಿಟ್ಟಿದ್ದೇನೆ.

ನನಗೊಬ್ಬಳು ಅಕ್ಕ ಇದ್ದಾಳೆ, ಆರು ವರ್ಷ ದೊಡ್ಡವಳು. ಇಬ್ಬರೂ ಅಸುಂಡಿಯ ಒಕ್ಕಲುತನದ ಮನೆಯಲ್ಲಿ ಹುಟ್ಟಿದವರು. ನಾನು ಓದಿದೆ. ಅವಳು ಹೊಲಿಗೆ ಕಲಿತು, ಮದುವೆಯಾಗಿ ಲಕ್ಷ್ಮೇಶ್ವರಕ್ಕೆ ಹೋದಳು. ಭಾವ ಅಲ್ಲಿನ ಕಾಳಿನ ಪೇಟೆಯಲ್ಲಿ ಚೀಲ ತೂಗುವ ಕೆಲಸದಲ್ಲಿದ್ದಾರೆ. ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಕಾಲಿಂದ ತುಳಿಯುವ ಮಿಷನ್ನು ಇಟ್ಟುಕೊಂಡು ಕುಬಸ ಹೊಲಿಯುತ್ತಿದ್ದಳು. ಲಕ್ಷ್ಮೇಶ್ವರದಲ್ಲಿ ಹೊಲಿಯುವವರಿಗೆ ಬರವಿಲ್ಲ. ಆದರೂ ಅರ್ಧ ಊರಿನ ಹೆಂಗಸರು ಅವಳ ಕಡೆಗೇ ಬರುತ್ತಿದ್ದರು.

ಅವಳ ಕೆಲಸದ ರೀತಿ ನನ್ನದಕ್ಕೆ ಪೂರಾ ಉಲ್ಟಾ. ಯಾರ ಅಳತೆಯನ್ನೂ ಅವಳು ಬರೆದಿಡುತ್ತಿರಲಿಲ್ಲ. ಓಣಿಯವರು, ಬಜಾರದವರು, ಶಿರಹಟ್ಟಿ ಕಡೆಯ ಹಳ್ಳಿಗಳಿಂದ ಬಸ್ಸು ಹತ್ತಿ ಬರುವವರು, ಎಲ್ಲರ ಎದೆ, ತೋಳು, ಬೆನ್ನಿನ ಲೆಕ್ಕ ಅವಳ ತಲೆಯಲ್ಲಿ. ಒಬ್ಬಳ ಎಡಭುಜ ಬಲಕ್ಕಿಂತ ಬೆರಳಷ್ಟು ಇಳಿದಿದೆ, ಇನ್ನೊಬ್ಬಳು ಬಾಣಂತನ ಮುಗಿಸಿ ತುಂಬಿಕೊಂಡಿದ್ದಾಳೆ, ಮತ್ತೊಬ್ಬಳು ಗಂಡ ಸತ್ತ ಮೇಲೆ ಸೊರಗಿದ್ದಾಳೆ, ಎಲ್ಲವೂ ನೆನಪು. ನನಗೆ ಇದನ್ನು ನೋಡಿ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಒಂದು ಸಲ ದಪ್ಪನೆಯ ರಜಿಸ್ಟರು ತಂದು, ಅಕ್ಷರಮಾಲೆಯ ಪ್ರಕಾರ ಪುಟ ಬಿಟ್ಟು, ಅಂಚಿಗೆ ಚೀಟಿ ಹಚ್ಚಿ ಕೊಟ್ಟೆ.

"ಲೇ ಹುಚ್ಚಿ," ಅಂದಳು ಅಕ್ಕ, "ಬರದಿಟ್ರ ಅವರು ಹ್ವಾದ ವರ್ಷ ಹೆಂಗಿದ್ರು ಅನ್ನೂದು ಗೊತ್ತಾಗತೈತಿ. ಈಗ ಹೆಂಗದಾರ ಅನ್ನೂದು ಮಾರಿ ನೋಡಿದ್ರನ ಗೊತ್ತಾಗೂದು."

ಮುಂದಿನ ಸಲ ನಾನು ಹೋದಾಗ ಆ ರಜಿಸ್ಟರು ಮಿಷನ್ನಿನ ಒಂದು ಕಾಲಿನ ಅಡಿಗೆ ಹೋಗಿತ್ತು. ನೆಲ ಅಲ್ಲಿ ತುಸು ತಗ್ಗಂತೆ. ನಾನು ಎರಡು ತಾಸು ಮುಖ ಗಂಟು ಹಾಕಿಕೊಂಡು ಕೂತೆ. ಅವಳು ನಗುನಗುತ್ತ ಹೊಲಿದಳು.

ಕೊರೊನಾದ ಎರಡನೇ ಅಲೆಯಲ್ಲಿ ಅವಳಿಗೂ ಭಾವನಿಗೂ ಒಟ್ಟಿಗೇ ಜ್ವರ ಬಂತು. ಆಸ್ಪತ್ರೆಗೆ ಹಾಕುವಷ್ಟೇನೂ ಇರಲಿಲ್ಲ. ವಾರದಲ್ಲಿ ಇಳಿಯಿತು. ಭಾವ ಪೇಟೆಗೆ ಹೋಗತೊಡಗಿದರು, ಅಕ್ಕ ಒಲೆಯ ಮುಂದೆ ನಿಂತಳು. ಅದೇ ಓಣಿಯಲ್ಲಿ ಹೆಣ ಕೂಡ ಮನೆಗೆ ತರಲಾಗದವರಿದ್ದರು. ನಾವು ಪಾರಾದೆವು ಎಂದು ಫೋನಿನಲ್ಲಿ ಅತ್ತೆವು, ಸಂತೋಷದಿಂದ.

ಆದರೆ ಅವಳು ಪಾರಾಗಿರಲಿಲ್ಲ. ನಾಲ್ಕು ಬುಟ್ಟಿ ಬಟ್ಟೆ ಒಗೆಯುತ್ತಿದ್ದವಳು ಎರಡು ತಟ್ಟೆ ತೊಳೆದು ಕೂತುಬಿಡುತ್ತಿದ್ದಳು. ಜಳಕ ಮಾಡಿ ಬಂದರೆ ಒಂದು ತಾಸು ಮಲಗಬೇಕು. ಎದೆ ಸುಮ್ಮಸುಮ್ಮನೆ ಡವಡವ ಹೊಡೆದುಕೊಳ್ಳುತ್ತಿತ್ತು. ಮಿಷನ್ನು ತುಳಿಯಲು ಕೂತರೆ ಮೀನಖಂಡ ನಡುಗುತ್ತಿತ್ತು. ಇದೆಲ್ಲಕ್ಕಿಂತ ನನ್ನನ್ನು ಹೆದರಿಸಿದ್ದು ಬೇರೆ. ಅವಳ ತಲೆಯೊಳಗಿನ ಅಳತೆಗಳು ಹೋಗಿಬಿಟ್ಟಿದ್ದವು. ಇಪ್ಪತ್ತು ವರ್ಷದಿಂದ ಬರುತ್ತಿದ್ದ ಹೆಂಗಸಿನ ಎದುರು ಟೇಪು ಹಿಡಿದು, ಅಳೆದು, ತಿರುಗಿ ಬಟ್ಟೆ ಎತ್ತಿಕೊಳ್ಳುವಷ್ಟರಲ್ಲಿ ಮರೆತು, ಮತ್ತೆ ಅಳೆಯುತ್ತಿದ್ದಳು. ಅವರೆಲ್ಲ ಸುಮ್ಮನೆ ಕೈ ಎತ್ತಿ ನಿಲ್ಲುತ್ತಿದ್ದರು, ಪಾಪ.

ಒಮ್ಮೆ ಮದುವಣಗಿತ್ತಿಯ ಕುಬಸವೊಂದನ್ನು ಕತ್ತರಿಸಿದಳು. ನಾನು ಅವತ್ತು ಅಲ್ಲೇ ಇದ್ದೆ. ಜೋಡಿಸಲು ಕೂತಾಗ ತೋಳು ಹೊಂದಲಿಲ್ಲ. ತಿರುಗಿಸಿದಳು, ಮಗುಚಿದಳು, ಮತ್ತೆ ತಿರುಗಿಸಿದಳು. ಎರಡೂ ಎಡಗೈ ತೋಳುಗಳನ್ನೇ ಕತ್ತರಿಸಿದ್ದಳು. ಅಷ್ಟು ಅರಿವಾಗಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ನಾನು ಹೇಳಲೋ ಬೇಡವೋ ಎಂದು ನೋಡುತ್ತ ಕೂತಿದ್ದೆ.

"ನನ್ನ ಕೈ ನನ್ನ ಮಾತ ಕೇಳವಲ್ದು," ಎಂದು ಹೇಳಿ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡಳು.

ಗದಗಿನಲ್ಲಿ ಇಬ್ಬರು ಡಾಕ್ಟರರಿಗೆ ತೋರಿಸಿದೆವು. ಕೈಗುಣ ಚೆನ್ನಾಗಿದೆ ಎಂದು ಯಾರೋ ಹೇಳಿದ್ದರಿಂದ ಮುಂಡರಗಿಯ ಒಬ್ಬರ ಹತ್ತಿರವೂ ಕರೆದುಕೊಂಡು ಹೋದೆವು. ರಕ್ತ, ಎದೆಯ ಫೋಟೋ, ಇಸಿಜಿ, ಎಲ್ಲ ನಾರ್ಮಲ್. ಒಬ್ಬರು ಮುಟ್ಟು ನಿಲ್ಲುವ ಕಾಲದ ತೊಂದರೆ ಎಂದರು, ಇನ್ನೊಬ್ಬರು ಟಾನಿಕ್ಕು ಬರೆದರು. "ಮನಸ್ಸು ಗಟ್ಟಿ ಮಾಡ್ಕೋರಿ" ಎಂದು ಮೂವರೂ ಹೇಳಿದರು. ಭಾವನ ಕಡೆಯವರೊಬ್ಬರು ಇದು ಕೆಲಸ ತಪ್ಪಿಸುವ ಸೋಗು ಎಂದು ಅವಳ ಎದುರೇ ಅಂದರು. ನಾನು ಅವರ ಮೇಲೆ ಹರಿಹಾಯ್ದೆ. ಸುಳ್ಳು ಯಾಕೆ ಹೇಳಲಿ, ನನಗೂ ಒಮ್ಮೊಮ್ಮೆ ಹಾಗೇ ಅನಿಸುತ್ತಿತ್ತು. ಜೋರಾಗಿ ಹರಿಹಾಯ್ದದ್ದು ಅದಕ್ಕೇ ಇರಬೇಕು.

ಅದೇ ಹೊತ್ತಿನಲ್ಲಿ ನಾನು ಪಿಎಚ್‌ಡಿಗೆ ಹೆಸರು ಹಚ್ಚಿದೆ. ಐವತ್ತರ ಅಂಚಿಗೆ ಬಂದವಳಿಗೆ ಈ ಉಸಾಬರಿ ಯಾಕೆ ಎಂದು ಕಾಲೇಜಿನಲ್ಲಿ ನಕ್ಕರು. ನಕ್ಕಷ್ಟೂ ನನಗೆ ಹಟ ಬಂತು. ನಮ್ಮ ಗ್ರಂಥಾಲಯ ಶಾಸ್ತ್ರದಲ್ಲಿ ಒಂದು ಬಗೆಯ ಸಂಶೋಧನೆ ಇದೆ. ಒಂದು ವಿಷಯದ ಮೇಲೆ ಜಗತ್ತಿನಲ್ಲೆಲ್ಲ ಪ್ರಕಟವಾದ ವೈಜ್ಞಾನಿಕ ಲೇಖನಗಳ ವಿವರ ಇಳಿಸಿಕೊಂಡು, ಯಾವ ವರ್ಷ ಎಷ್ಟು, ಯಾವ ದೇಶದಿಂದ ಎಷ್ಟು, ಯಾರು ಯಾರ ಜೊತೆ ಸೇರಿ ಬರೆದರು, ಯಾವ ಪದ ಎಷ್ಟು ಸಲ ಬಂತು ಎಂದು ಎಣಿಸುವುದು. ಲೇಖನವನ್ನು ಓದಬೇಕಾಗಿಲ್ಲ. ಶೀರ್ಷಿಕೆ, ಲೇಖಕರ ಹೆಸರು, ಅವರೇ ಕೊಟ್ಟ ಕೀಲಿಪದಗಳು, ಇಷ್ಟಿದ್ದರೆ ಕಂಪ್ಯೂಟರು ಗೆರೆ ಎಳೆದು, ಬಣ್ಣದ ಗುಂಡುಗಳ ನಕ್ಷೆ ಬಿಡಿಸಿಕೊಡುತ್ತದೆ, ಎಣಿಕೆ ಹೆಚ್ಚಿದ್ದಷ್ಟೂ ಗುಂಡು ದೊಡ್ಡದು. ನನ್ನಂಥವಳಿಗೆ ಹೇಳಿ ಮಾಡಿಸಿದ ಕೆಲಸ.

ವಿಷಯ ಯಾವುದು ಎಂದು ನನ್ನ ಮಾರ್ಗದರ್ಶಕರು ಕೇಳಿದಾಗ ದೀರ್ಘ ಕೋವಿಡ್ ಎಂದೆ. ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ, ವರ್ಷಗಟ್ಟಲೆ ಬಿಡದ ಈ ಕಾಯಿಲೆಗೆ ಹೊರಗೆ ಹಾಗೆ ಒಂದು ಹೆಸರು ಬಿದ್ದಿದೆ ಎಂದು ಪತ್ರಿಕೆಯಲ್ಲಿ ನೋಡಿದ್ದೆ. ಅಕ್ಕನದು ಇದೇ ಎಂದು ನನಗೆ ಅನುಮಾನವಿರಲಿಲ್ಲ.

"ಛಲೋ ಹಿಡದೀರಿ ಮೇಡಂ," ಅಂದರು ಮಾರ್ಗದರ್ಶಕರು. "ಹೊಸಾ ವಿಷಯ. ಗ್ರಾಫ್ ಸರ್ರಂತ ಏರತೈತಿ."

ಆ ರವಿವಾರ ಲಕ್ಷ್ಮೇಶ್ವರಕ್ಕೆ ಹೋಗಿ, "ಅಕ್ಕಾ, ನಿನ್ನ ರೋಗದ ಮ್ಯಾಲ ಪಿಎಚ್‌ಡಿ ಮಾಡಾಕ್ಹತ್ತೀನಿ" ಎಂದೆ.

ಅವಳು ಮಂಚದಲ್ಲಿ ಎದ್ದು ಕೂತಳು. "ಹಂಗಾರ ಇದಕ್ಕೊಂದು ಹೆಸರ ಐತೇನ?"

ಐತಿ ಎಂದು ಹೆಸರು ಹೇಳಿದೆ. ಅವಳು ಅದನ್ನು ಎರಡು ಸಲ ಬಾಯೊಳಗೇ ಅಂದುಕೊಂಡಳು. ಬಹಳ ದಿನದ ಮೇಲೆ ಅವಳ ಮುಖದಲ್ಲಿ ಬೆಳಕು ಕಂಡಿತು. ಭಾವ ಅಂತೂ ಪೇಟೆಯಲ್ಲಿ ಸಿಕ್ಕವರಿಗೆಲ್ಲ, "ನಮ್ಮ ನಾದಿನಿ ಅದನ್ನ ಓದಾಕ್ಹತ್ಯಾಳ, ಜಗತ್ತಿನ್ಯಾಗ ಬಂದದ್ದಷ್ಟೂ ಓದಾಕ್ಹತ್ಯಾಳ" ಎಂದು ಹೇಳಿಕೊಂಡು ಬಂದರು. ಓದುತ್ತಿಲ್ಲ, ಎಣಿಸುತ್ತಿದ್ದೇನೆ ಎಂದು ನಾನು ತಿದ್ದಬೇಕಿತ್ತು. ತಿದ್ದಲಿಲ್ಲ. ಹೊಗಳಿಕೆ ಯಾರಿಗೆ ಬೇಡ. ಅವತ್ತಿನಿಂದ ಅವರು ಡಾಕ್ಟರರನ್ನು ಕೇಳುವುದನ್ನು ಬಿಟ್ಟು ನನ್ನನ್ನು ಕೇಳತೊಡಗಿದರು. ಮೊಸರು ಉಣ್ಣಬಹುದೇ, ಮಧ್ಯಾಹ್ನ ಮಲಗಬಹುದೇ, ಬಿಸಿನೀರೇ ಕುಡಿಯಬೇಕೇ. ನಾನು ಎಲ್ಲಕ್ಕೂ ಉತ್ತರ ಕೊಟ್ಟೆ.

ಆ ಚಳಿಗಾಲ ನಾನು ಸಾವಿರಗಟ್ಟಲೆ ಲೇಖನಗಳ ವಿವರ ಇಳಿಸಿಕೊಂಡೆ. ನಿಜಕ್ಕೂ ಗೆರೆ ಸರ್ರನೆ ಏರಿತು. ಮೊದಲ ವರ್ಷದಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಜಗತ್ತು ಉಸಿರಾಡುವ ಯಂತ್ರಗಳ ಬಗ್ಗೆಯೇ ಬರೆಯುತ್ತಿತ್ತು. ಆಮೇಲೆ ಆಸ್ಪತ್ರೆಯಿಂದ ಬಿಡುಗಡೆಯಾದವರ ಬಗ್ಗೆ, ಆಮೇಲೆ ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದೆ ಮನೆಯಲ್ಲಿ ನರಳಿದವರ ಬಗ್ಗೆ. ಹೆಸರಿಟ್ಟವರೇ ರೋಗಿಗಳಂತೆ, ಡಾಕ್ಟರರು ನಂಬುವ ಮೊದಲು ಅವರವರೇ ಕೂಡಿಕೊಂಡು ಇದೊಂದು ರೋಗ ಎಂದು ಸಾರಿದ್ದರಂತೆ. ಮುಂದಿನ ವರ್ಷಗಳಲ್ಲಿ ಲಕ್ಷಣಗಳ ಪಟ್ಟಿಗಳು, ಅದರ ಹಿಂದೆ ರಕ್ತ, ನರ, ಕರುಳು, ಮೆದುಳು ಎಂದು ಕಾರಣ ಹುಡುಕುವವರು. ಮದ್ದಿನ ಕಡೆಯ ಗುಂಡು ಮಾತ್ರ ನಕ್ಷೆಯಲ್ಲಿ ಸಣ್ಣದಾಗಿಯೇ ಉಳಿಯಿತು. ದೇಶಗಳ ನಕ್ಷೆಯಲ್ಲಿ ಅಮೆರಿಕ, ಯುರೋಪು ದಪ್ಪದಪ್ಪಗೆ ಕಂಡವು. ನಮ್ಮ ದೇಶದ್ದು ಸಣ್ಣ ಗುಂಡು. ಅದರೊಳಗೂ ದೊಡ್ಡ ಶಹರಗಳ ದೊಡ್ಡ ಆಸ್ಪತ್ರೆಗಳೇ. ಲಕ್ಷ್ಮೇಶ್ವರದಲ್ಲಿ ಕುಬಸ ಹೊಲಿಯುವವಳನ್ನು ಯಾರೂ ಎಣಿಸಿರಲಿಲ್ಲ. ಅದನ್ನು ನೋಡಿ ನನಗೆ ಸಿಟ್ಟು ಬಂದು, ಒಂದು ಇಡೀ ಪ್ಯಾರಾ ಬರೆದೆ. ಮಾರ್ಗದರ್ಶಕರು ಭಾವುಕತೆ ಬೇಡ ಎಂದು ತೆಗೆಸಿದರು.

ನಕ್ಷೆ ಚೆಂದ ಬರಬೇಕಾದರೆ ಪದಗಳನ್ನು ಶುದ್ಧ ಮಾಡಬೇಕು. ಒಬ್ಬರು ದಣಿವು ಎಂದಿರುತ್ತಾರೆ, ಇನ್ನೊಬ್ಬರು ಆಯಾಸ, ಮತ್ತೊಬ್ಬರು ನಿಶ್ಶಕ್ತಿ. ಎಲ್ಲವನ್ನೂ ಒಂದೇ ಹೆಸರಿನ ಕೆಳಗೆ ಹಾಕದಿದ್ದರೆ ಗುಂಡುಗಳು ಚೆಲ್ಲಾಪಿಲ್ಲಿಯಾಗುತ್ತವೆ. ಅವುಗಳ ನಡುವೆ ಒಂದು ಉದ್ದನೆಯ ಪದವಿತ್ತು. ಶ್ರಮಪಟ್ಟ ಮೇಲೆ ಮೈ ಕುಸಿಯುವುದು ಎಂದು ಅದರ ಅರ್ಥ. ಶ್ರಮಪಟ್ಟರೆ ಯಾರಿಗೂ ದಣಿವಾಗುತ್ತದೆ, ಇದರಲ್ಲೇನು ವಿಶೇಷ ಎಂದುಕೊಂಡು ಅದನ್ನೂ ದಣಿವು ಎಂಬುದರ ಕೆಳಗೆ ಸೇರಿಸಿದೆ. ಒಂದು ಗುಂಡಿ ಒತ್ತಿದ್ದಷ್ಟೇ. ದಣಿವಿನ ಗುಂಡು ದೊಡ್ಡದಾಗಿ, ದುಂಡಗೆ, ನಡುಮಧ್ಯಕ್ಕೆ ಬಂದು ಕೂತಿತು. ಬಹಳ ಚೆಂದ ಕಂಡಿತು.

ಜ್ವರ ಬಂದು ಎರಡು ವರ್ಷವಾಗಿತ್ತು. ಅಕ್ಕ ಸುಧಾರಿಸುತ್ತಿದ್ದಳು, ಇದನ್ನು ನಾನು ಒತ್ತಿ ಹೇಳಲೇಬೇಕು. ಅವಳು ತನ್ನದೇ ಒಂದು ದಾರಿ ಕಂಡುಕೊಂಡಿದ್ದಳು. ಒಂದು ತೋಳು ಹೊಲಿದು ಮಲಗುವುದು, ಎದ್ದು ಇನ್ನೊಂದು ತೋಳು. ಅಳತೆಗಳನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಳ್ಳುತ್ತಿದ್ದಳು. ಎರಡು ದಿನಕ್ಕೊಂದು ಕುಬಸ ಮುಗಿಯುತ್ತಿತ್ತು. ನನ್ನ ಕಣ್ಣಿಗೆ ಅದು ಸುಧಾರಣೆಯಾಗಿ ಕಾಣಲಿಲ್ಲ. ಹೀಗೆ ಮಲಗಿ ಮಲಗಿ ಕಾಲು ಜಡ್ಡುಗಟ್ಟುತ್ತವೆ, ದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚು ಮಾಡುತ್ತ ಹೋದರೆ ಮೈಗೆ ರೂಢಿಯಾಗುತ್ತದೆ ಎಂದೆ.

"ಹಂಗಂತ ಬರದಾರೇನು ಅದರಾಗ?" ಅಂತ ಭಾವ ಕೇಳಿದರು.

"ಹೌದು," ಅಂದೆ.

ಯಾಕೆ ಹಾಗಂದೆ? ಬರೆದಿದ್ದಾರೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಬರೆದಿರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಇಷ್ಟು ಸಾವಿರ ಲೇಖನಗಳ ಒಡತಿಯಾದ ಮೇಲೆ ಅದರೊಳಗಿನದೆಲ್ಲ ನನಗೆ ಗೊತ್ತು ಎಂಬ ಸೊಕ್ಕು ಬಂದುಬಿಟ್ಟಿತ್ತು.

ಶ್ರಾವಣ ಬಂತು. ಊರ ಹೆಂಗಸರು ಸೋಮೇಶ್ವರನ ಗುಡಿಯಲ್ಲಿ ಪ್ರದಕ್ಷಿಣೆ ಹಾಕುವ ತಿಂಗಳು. ಸುತ್ತ ಕೋಟೆಯಂಥ ಗೋಡೆ, ಒಳಗೆ ವಿಶಾಲವಾದ ಕಲ್ಲಿನ ಅಂಗಳ, ನಡೆಯುವವರಿಗೆ ಗಾಡಿಯ ಕಾಟವಿಲ್ಲ. ಅಕ್ಕನಿಗೂ ಆಸೆಯಿತ್ತು, ಎರಡು ವರ್ಷ ಗುಡಿ ಕಂಡಿರಲಿಲ್ಲ. ದೇವರ ಭಕ್ತಿ ನನಗೆ ಅಷ್ಟಕ್ಕಷ್ಟೇ, ಆದರೆ ಈ ಉಪಾಯ ನನಗೆ ಹಿಡಿಸಿತು. ಮೊದಲ ದಿನ ಮೂರು ಸುತ್ತು, ಆಮೇಲೆ ಐದು, ಕಡೆಯ ಸೋಮವಾರ ಇಪ್ಪತ್ತೊಂದು. ಗುರುವಾರ ಭಾವ ಕರೆದುಕೊಂಡು ಹೋಗಬೇಕು, ಸೋಮವಾರ ನಾನು ರಜೆ ಹಾಕಿ ಬರುತ್ತೇನೆ. ಚೌಕಳಿ ಹಾಳೆಯೊಂದನ್ನು ಬಾಗಿಲ ಹಿಂದೆ ಅಂಟಿಸಿ, ಪ್ರತಿ ಸಲದ ಸುತ್ತಿಗೊಂದು ಚುಕ್ಕೆ ಇಟ್ಟು ಗೆರೆ ಎಳೆಯುವ ವ್ಯವಸ್ಥೆ ಮಾಡಿದೆ. ಗೆರೆ ಏರಿತು. ಹಾದಿಯಲ್ಲಿ ಸಿಕ್ಕ ಹೆಂಗಸರು ಅಕ್ಕನನ್ನು ನೋಡಿ, "ಅಡ್ಡಾಡಾಕ್ಹತ್ತೀರಿ? ಛಲೋ ಆತ ಬಿಡ್ರೀ" ಎಂದರು. ಅವಳು ನನ್ನ ಕಡೆ ಬೆರಳು ಮಾಡಿ, "ಇಕಿದ ಹಟ" ಎಂದಳು. ನಾನು ಬೀಗಿದೆ.

ನಡುವೆ ಎರಡು ಸಲ ಭಾವ ಫೋನು ಮಾಡಿದ್ದರು.

"ಸುತ್ತ ಹಾಕಿದ ದಿನ ಛಲೋ ಇರತಾಳವಾ. ಮರುದಿನ, ಅದರ ಮರುದಿನ ಅಗದೀ ನೆಲಾ ಹಿಡದಬಿಡ್ತಾಳ. ಮಾತೂ ಆಡೂದಿಲ್ಲ."

"ಹೊಸದಾಗಿ ಶುರು ಮಾಡಿದ್ದಕ್ಕ ಹಂಗ ಆಗತೈತ್ರಿ ಭಾವಾ," ಅಂದೆ ನಾನು. "ಬಿಡಿಸಬ್ಯಾಡ್ರಿ. ಒಮ್ಮೆ ಬಿಟ್ರ ಮುಗೀತು."

ಕಡೆಯ ಸೋಮವಾರ ಮುಂಜಾನೆ ಮೋಡ ಮುಸುಕಿ ತಂಪಾಗಿತ್ತು. ನಾನು ಅಕ್ಕನ ಪಕ್ಕದಲ್ಲೇ ನಡೆದೆ. ಹತ್ತು ಸುತ್ತಿನವರೆಗೆ ಮಾತಾಡುತ್ತ ಬಂದಳು. ಹನ್ನೆರಡರ ಮೇಲೆ ಮಾತು ನಿಂತಿತು. ಹದಿನಾಲ್ಕು ಮುಗಿದಾಗ ಕಂಬಕ್ಕೆ ಕೈ ಊರಿದಳು.

"ಸಾಕ ಮಾಡೂನೇನ?"

"ಇನ್ನೊಂದು ಅಕ್ಕಾ."

ಅದು ಮುಗಿದ ಮೇಲೆ ಮತ್ತೆ, "ಇನ್ನೊಂದು" ಎಂದೆ. ಹಾಗೆ ಏಳು ಸಲ ಅಂದೆ. ಅವಳು ಏಳು ಸಲವೂ ನಡೆದಳು. ಆ ರಜಿಸ್ಟರೊಂದನ್ನು ಬಿಟ್ಟರೆ ಸಣ್ಣಂದಿನಿಂದ ಅವಳು ನನ್ನ ಮಾತು ತೆಗೆದುಹಾಕಿದ್ದಿಲ್ಲ, ನಾನು ಕಲಿತವಳೆಂದು. ಇಪ್ಪತ್ತೊಂದು ಮುಗಿದಾಗ ಅವಳ ತುಟಿ ಬೆಳ್ಳಗಾಗಿತ್ತು. ಆದರೂ ನಕ್ಕಳು. ಅವಳದೊಂದು ಫೋಟೋ ತೆಗೆದೆ. ಮನೆಗೆ ಬಂದು ಹೋಳಿಗೆ ಉಂಡೆವು. ಬಾಗಿಲ ಹಿಂದಿನ ಹಾಳೆಯಲ್ಲಿ ಕಡೆಯ ಚುಕ್ಕೆಯನ್ನು ಕೆಂಪು ಪೆನ್ನಿನಲ್ಲಿ ಇಟ್ಟು ಸಂಜೆಯ ಬಸ್ಸಿಗೆ ಗದಗಿಗೆ ಬಂದೆ.

ಮೂರನೇ ದಿನ ಅವಳಿಗೆ ದಿಂಬಿನಿಂದ ತಲೆ ಎತ್ತಲಾಗಲಿಲ್ಲ. ಬೆಳಕು ಕಣ್ಣಿಗೆ ಚುಚ್ಚುತ್ತದೆ ಎಂದಳು. ಪಕ್ಕದ ಮನೆಯ ಮಿಕ್ಸಿಯ ಸದ್ದಿಗೆ ಕಿವಿ ಮುಚ್ಚಿಕೊಂಡು ಅತ್ತಳು. ನಾಲ್ಕು ದಿನದಲ್ಲಿ ಏಳುತ್ತಾಳೆ ಎಂದುಕೊಂಡೆವು. ದಸರೆ ಬಂತು, ದೀಪಾವಳಿ ಬಂತು, ಅವಳು ಏಳಲಿಲ್ಲ. ಮುಂದಿನ ಶ್ರಾವಣವೂ ಬಂದು ಹೋಯಿತು. ಈಗ ಭಾವ ಅವಳ ತಲೆ ಬಾಚುತ್ತಾರೆ, ಹಿಡಿದು ಬಚ್ಚಲಿಗೆ ಒಯ್ಯುತ್ತಾರೆ, ಪೇಟೆಯಿಂದ ಮಧ್ಯಾಹ್ನ ಓಡಿಬಂದು ಗಂಜಿ ಕುಡಿಸುತ್ತಾರೆ. ಕಿಟಕಿಗೆ ಕಂಬಳಿ ಕಟ್ಟಿದ್ದಾರೆ. ಆ ಕಡೆಯ ಸೋಮವಾರದ ಮೇಲೆ ಅವಳು ಒಂದು ಹೊಲಿಗೆಯನ್ನೂ ಹಾಕಿಲ್ಲ.

ಇನ್ನೂ ನಾಚಿಕೆಯ ಮಾತೆಂದರೆ, ಆಗ ನನಗೆ ಅವಳ ಮೇಲೆ ಸಿಟ್ಟಿತ್ತು. ಕೈಗೆ ಬಂದದ್ದನ್ನು ಕೈಬಿಟ್ಟಳು, ಮನಸ್ಸು ಮಾಡಲಿಲ್ಲ ಎಂದು. ಒಂದು ಸಲ ಅವಳ ತಲೆದೆಸೆಗೆ ನಿಂತು ಹಾಗೆಂದು ಅಂದೂಬಿಟ್ಟೆ. ಉತ್ತರ ಕೊಡಲು ಅವಳಲ್ಲಿ ಶಕ್ತಿಯಿರಲಿಲ್ಲ.

ನನ್ನ ಗೆರೆಯೂ ಇಳಿಯತೊಡಗಿತು. ಸುಮ್ಮನೆ ಹೇಳುತ್ತಿಲ್ಲ, ನಾನು ಇಳಿಸಿಕೊಂಡ ವಿವರಗಳಲ್ಲಿ ಹೊಸ ಲೇಖನಗಳ ಭರಾಟೆ ಮೊದಲಿನಂತಿರಲಿಲ್ಲ. ಮೊದಲು ಬರೆದವರಲ್ಲಿ ಕೆಲವರ ಹೆಸರು ಈಗ ಬೇರೆ ವಿಷಯಗಳ ಕೆಳಗೆ ಸಿಗುತ್ತಿತ್ತು. ಪ್ರಬಂಧದಲ್ಲಿ ನಾನು, ಆಸಕ್ತಿ ಒಂದು ಹಂತ ತಲುಪಿ ಸ್ಥಿರವಾಗುತ್ತಿದೆ ಎಂದು ಬರೆದೆ. ನಮ್ಮ ಶಾಸ್ತ್ರದಲ್ಲಿ ಅದು ಸಹಜವಾದ ವಾಕ್ಯ. ಬರೆದು ನೀರು ಕುಡಿಯಲು ಎದ್ದವಳು ಅಲ್ಲೇ ನಿಂತೆ. ರೋಗದ ಬಗ್ಗೆ ಬರೆಯುವವರು ದಣಿಯಬಹುದು, ಎದ್ದು ಬೇರೆ ಕೆಲಸಕ್ಕೆ ಹೋಗಬಹುದು. ಅವಳು ಎಲ್ಲಿಗೆ ಹೋಗಬೇಕು?

ಪ್ರಬಂಧದ ಕರಡು ನೋಡಿದ ಮಾರ್ಗದರ್ಶಕರು ಪದಗಳ ನಕ್ಷೆಯ ಮೇಲೆ ಬೆರಳಿಟ್ಟರು.

"ಈ ದಣಿವು ಇಷ್ಟ್ಯಾಕ ದೊಡ್ಡದಾಗೇತ್ರಿ? ಒಳಗ ಏನೇನ ಕೂಡಿಸೀರಿ? ಪರೀಕ್ಷಕರು ಕೇಳೇ ಕೇಳ್ತಾರ. ಒಂದ್ಹತ್ತು ಲೇಖನಾ ತಗದ ಓದ್ರಿ, ಒಂದ ಪುಟಾ ವಿವರಣಿ ಬರೀರಿ."

ಪರೀಕ್ಷೆಯ ರಜೆ. ಗ್ರಂಥಾಲಯದಲ್ಲಿ ಒಬ್ಬ ನರಪಿಳ್ಳೆಯೂ ಇರಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿಟ್ಟು, ಆ ಉದ್ದನೆಯ ಪದವಿದ್ದ ಲೇಖನಗಳನ್ನು ಒಂದೊಂದಾಗಿ ತೆರೆದೆ. ಮೂರು ವರ್ಷದಲ್ಲಿ ಮೊದಲ ಸಲ ಓದಿದೆ.

ಅದು ದಣಿವಲ್ಲ. ಶ್ರಮಪಟ್ಟ ದಿನ ರೋಗಿ ಚೆನ್ನಾಗಿಯೇ ಕಾಣುತ್ತಾನೆ, ಕುಸಿತ ಬರುವುದು ಮರುದಿನ, ಅಥವಾ ಅದರ ಮರುದಿನ. ಮಲಗಿ ಎದ್ದರೆ ಹೋಗುವುದಿಲ್ಲ. ದಿನಾ ಸ್ವಲ್ಪ ಸ್ವಲ್ಪ ಹೆಚ್ಚು ಮಾಡುತ್ತ ಹೋಗುವುದು ಇಂಥವರಿಗೆ ಅಪಾಯ, ಹಾಗೆ ಮಾಡಿ ಹಾಸಿಗೆ ಹಿಡಿದವರಿದ್ದಾರೆ. ತನ್ನ ಮೈಯ ಮಿತಿ ತಿಳಿದುಕೊಂಡು, ಮಿತಿ ಮುಟ್ಟುವ ಮೊದಲೇ ನಿಲ್ಲಿಸಿ ವಿಶ್ರಾಂತಿ ಪಡೆಯಬೇಕು. ಮನಸ್ಸಿಗೆ ಆಗುವ ಉದ್ವೇಗ, ಸಿಟ್ಟು, ಅಳು ಕೂಡ ಶ್ರಮವೇ, ಅದರಿಂದಲೂ ಕುಸಿಯುತ್ತಾರೆ. ಒಂದರಲ್ಲಿ ಅಲ್ಲ, ಒಂದಾದ ಮೇಲೊಂದರಲ್ಲಿ ಇದೇ ಮಾತು. ಕೆಲವನ್ನು ಬರೆದವರು ಸ್ವತಃ ಅದೇ ರೋಗದವರು. ಒಂದು ತೋಳು ಹೊಲಿದು ಮಲಗುತ್ತಿದ್ದ ನನ್ನ ಅಕ್ಕ, ಶಾಲೆಯ ಮೆಟ್ಟಿಲು ನೆಟ್ಟಗೆ ಹತ್ತದವಳು, ಅವರೆಲ್ಲ ಹೇಳಿದ್ದನ್ನು ತಾನೇ ಕಂಡುಕೊಂಡಿದ್ದಳು. ಅವಳನ್ನು ಅಲ್ಲಿಂದ ಎಬ್ಬಿಸಿ ನಡೆಸಿದ್ದು ನಾನು.

ನನ್ನ ಕಡತದಲ್ಲಿ ಪ್ರತಿ ಲೇಖನದ ಮುಂದೆ ಅದನ್ನು ಇಳಿಸಿಕೊಂಡ ದಿನ ತಾನೇ ದಾಖಲಾಗುತ್ತದೆ. ಅದನ್ನೂ ನೋಡಿದೆ. ನೋಡದೆ ಇರಬಹುದಿತ್ತು, ಆದರೆ ನನ್ನ ಸ್ವಭಾವ ಬಿಡಲಿಲ್ಲ. ಅವುಗಳಲ್ಲಿ ಬಹಳಷ್ಟು ಆ ಶ್ರಾವಣಕ್ಕಿಂತ ಆರು ತಿಂಗಳು ಮೊದಲೇ ನನ್ನ ಹತ್ತಿರ ಇದ್ದವು. ನಾನು ಎದ್ದು ಕಪಾಟುಗಳ ನಡುವೆ ಹೋಗಿ ನೆಲದ ಮೇಲೆ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಎದೆ ಒಡೆದುಹೋಗುತ್ತದೆ ಅನಿಸಿತು. ಒಡೆಯಲಿಲ್ಲ. ಕಾಲೇಜಿನ ಸಿಪಾಯಿ ಬಾಗಿಲು ಹಾಕಲು ಬಂದು ಕರೆದಾಗ ಎದ್ದು ಮುಖ ತೊಳೆದುಕೊಂಡೆ.

ರವಿವಾರ ಶಿರಹಟ್ಟಿಯ ಮೇಲೆ ಹೋಗುವ ಬಸ್ಸು ಹತ್ತಿದೆ. ಅಕ್ಕನಿಗೆ ಹೇಳಬೇಕು ಎಂದುಕೊಂಡೆ. ಶಿರಹಟ್ಟಿ ಬಿಟ್ಟ ಮೇಲೆ, ಯಾಕೆ ಹೇಳಬೇಕು, ಅವಳಿಗೆ ಇನ್ನಷ್ಟು ನೋವು, ಇನ್ನು ಮೇಲೆ ಹೇಗೆ ನೋಡಿಕೊಳ್ಳಬೇಕು ಅಷ್ಟು ಹೇಳಿದರೆ ಸಾಕು ಎಂದುಕೊಂಡೆ. ಕೈಚೀಲದಲ್ಲಿ ಮೂರು ಲೇಖನಗಳ ಪ್ರತಿಯಿತ್ತು.

ಕೋಣೆ ಕತ್ತಲಾಗಿತ್ತು. ಅಕ್ಕ ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದಳು. ನಾನು ನೆಲದ ಮೇಲೆ ಕೂತು, ಬಾಗಿಲ ಸಂದಿಯ ಬೆಳಕಿಗೆ ಹಾಳೆ ಹಿಡಿದು, ಅದನ್ನು ನಮ್ಮ ಮಾತಿಗೆ ತಿರುಗಿಸುತ್ತ ಸಣ್ಣ ದನಿಯಲ್ಲಿ ಓದಿ ಹೇಳಿದೆ. ಸ್ವಲ್ಪ ಓದುವುದು, ಅವಳಿಗೆ ಸುಧಾರಿಸಿಕೊಳ್ಳಲು ಬಿಡುವುದು, ಮತ್ತೆ ಸ್ವಲ್ಪ. ಭಾವ ಹೊಸ್ತಿಲ ಹತ್ತಿರ ಚಹಾದ ಕಪ್ಪು ಹಿಡಿದು ನಿಂತೇ ಇದ್ದರು.

"ಬರದಾಕಿಗೂ ಹಿಂಗ ಆಗೇತೇನ?" ಅಂದಳು ಅಕ್ಕ.

"ಹೂಂ. ಇಕಿ ಡಾಕ್ಟರ್ ಇದ್ದಾಳ. ಇಕಿಗೂ ಹಿಂಗ ಆಗೇತಿ."

"ಮರುದಿನಾನ ಬೀಳ್ತಾಳಂತ?"

"ಹೂಂ, ಮರುದಿನ."

ಅವಳು ಬಟ್ಟೆಯ ಕೆಳಗೆ ಅಳುತ್ತಿದ್ದಳು, ಸದ್ದಿಲ್ಲದೆ. "ಹಂಗಾರ ನಾ ಸೋಗ ಮಾಡಿಲ್ಲ," ಅಂದಳು. "ಕೇಳಿದ್ರೇನ್ರಿ, ನಾ ಸೋಗ ಮಾಡಿಲ್ಲ."

"ನೀ ಮಾಡೀದಿ ಅಂತ ನಾ ಯಾವಾಗ ಅಂದೆ?" ಅಂದರು ಭಾವ.

ಅವಳಿಗೆ ನಿದ್ದೆ ಹತ್ತಿತು ಎಂದುಕೊಂಡು ನಾನು ಹಾಳೆ ಮಡಚಿದೆ.

"ಇದು ಯಾವಾಗ ಸಿಕ್ತ ನಿನಗ?"

ಮೊನ್ನೆ ಎನ್ನಬಹುದಿತ್ತು. ಓದಿದ್ದು ಮೊನ್ನೆಯೇ. ಪೂರಾ ಸುಳ್ಳಾಗುತ್ತಿರಲಿಲ್ಲ. ಭಾವ ನನ್ನನ್ನು ಎಷ್ಟು ನಂಬಿಕೆಯಿಂದ ನೋಡುತ್ತಿದ್ದರೆಂದರೆ, ಆ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಗುಡಿ ಸುತ್ತೂಕಿಂತ ಮೊದಲ ನನ್ನ ಹತ್ರ ಇತ್ತ ಅಕ್ಕಾ," ಅಂದೆ. "ಆರು ತಿಂಗಳ ಮೊದಲ. ನಾ ಓದಿರಲಿಲ್ಲ. ಎಣಿಸಿದ್ದೆ ಅಷ್ಟ. ಬರದಾರಂತ ನಿಮ್ಮ ಮುಂದ ಸುಳ್ಳ ಹೇಳಿದೆ."

ಭಾವ ಚಹಾದ ಕಪ್ಪನ್ನು ನೆಲಕ್ಕಿಟ್ಟು ಹೊರಗೆ ಹೋದರು. ಅಕ್ಕ ಕಣ್ಣಿನ ಮೇಲಿನ ಬಟ್ಟೆ ತೆಗೆದಳು. ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ನನ್ನನ್ನೇ ನೋಡಿದಳು. ಅವಳ ಎದೆ ಏರಿಳಿಯುತ್ತಿತ್ತು. ಈಗ ಬೈಯುತ್ತಾಳೆ, ಬೈಯಲಿ, ಕೈಗೆ ಸಿಕ್ಕಿದ್ದು ಎತ್ತಿ ಒಗೆಯಲಿ ಎಂದು ನಾನು ತಲೆ ತಗ್ಗಿಸಿ ಕೂತೆ. ಅವಳು ಬಾಯಿ ತೆರೆದು, ಮುಚ್ಚಿ, ಸಾವಕಾಶವಾಗಿ ಉಸಿರು ಬಿಟ್ಟಳು. ಒಂದು, ಇನ್ನೊಂದು, ಮತ್ತೊಂದು. ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳುತ್ತಿದ್ದಳು.

"ಸಿಟ್ಟ ಬಂದೈತಿ ನನಗ," ಅಂದಳು. ದನಿ ಮೇಲೇರಲಿಲ್ಲ. "ಭಾಳ ಬಂದೈತಿ. ಆದರ ಸಿಟ್ಟ ಮಾಡಾಕ ಆಗೂದಿಲ್ಲ ನನಗ. ಮಾಡಿದ್ನೆಂದ್ರ ನಾಳೆ ತಲಿ ಎತ್ತಾಕ ಬರೂದಿಲ್ಲ. ಈಗ ನೀನ ಓದಿ ಹೇಳಿದಿ."

ಬಟ್ಟೆಯನ್ನು ಮತ್ತೆ ಕಣ್ಣಿನ ಮೇಲೆ ಎಳೆದುಕೊಂಡಳು.

"ನೀ ಈಗ ಹೋಗು."

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ಅಂಗಳದಲ್ಲಿ ನಿಂತು, ಒಳಗಿನಿಂದ ಒಂದಾದರೂ ಬೈಗುಳ ಕೇಳಲಿ ಎಂದು ಕಾದೆ. ಕೇಳಲಿಲ್ಲ.